ಎಡ ಅಣು, ಬಲ ಅಣು ಮತ್ತು ಚಿನ್ನದ ಕಣ

ಧೂಳಿಗೆ ಸೀನು ಹತ್ತಿದಾಗ ದಾವಣಗೆರೆಯ ಮೆಡಿಕಲ್ ಶಾಪಿನಲ್ಲಿ ಕೇಳಿ ನೋಡಿ. ಸೆಟಿರಿಜಿನ್ ಕೊಟ್ಟರೆ 10 ಮಿಲಿಗ್ರಾಂ, ಲೆವೊಸೆಟಿರಿಜಿನ್ ಕೊಟ್ಟರೆ 5 ಮಿಲಿಗ್ರಾಂ. ಅರ್ಧ ಪ್ರಮಾಣ ಸಾಕು. ಯಾಕೆಂದರೆ ಮೊದಲನೆಯದರಲ್ಲಿ ಒಂದೇ ಅಣುವಿನ ಎರಡು ರೂಪ ಅರ್ಧರ್ಧ ಬೆರೆತಿವೆ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದ ಹಾಗೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಅಲರ್ಜಿಗೆ ಕೆಲಸ ಮಾಡುವುದು ಮುಖ್ಯವಾಗಿ ಒಂದೇ ರೂಪ.

ಈ ವ್ಯತ್ಯಾಸ ನಮ್ಮ ಮೂಗಿಗೂ ಗೊತ್ತು. ಪುದೀನದಲ್ಲೂ ಸಬ್ಬಸಿಗೆ ಬೀಜದಲ್ಲೂ ಇರುವುದು ಕಾರ್ವೋನ್ ಎಂಬ ಒಂದೇ ಘಮದ ಅಣು. ರೂಪ ಅದಲು ಬದಲಾದದ್ದಕ್ಕೆ ಘಮವೇ ಬೇರೆ!

ಬೇರ್ಪಡಿಸುವುದು ಮಾತ್ರ ಕಷ್ಟ. ಎರಡರ ತೂಕ ಒಂದೇ, ಕುದಿಯುವ ಬಿಸಿ ಒಂದೇ, ನೀರಲ್ಲಿ ಕರಗುವ ಪ್ರಮಾಣವೂ ಒಂದೇ. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಆಕಾರ ನೋಡಿ ಕೈಯಿಂದಲೇ ಆರಿಸಿದರು. ಆದರೆ ಹೀಗೆ ತಾವಾಗೇ ಬೇರೆ ಬೇರೆ ಹರಳಾಗುವ ವಸ್ತುಗಳು ಕಡಿಮೆ.

ಹಾಗಾಗಿ ಎಡ-ಬಲ ಗುರುತಿಸುವ ಇನ್ನೊಂದು ಅಣುವನ್ನೇ ಕಾವಲಿಗೆ ಇಡಬೇಕು. ಪಿಷ್ಟದಿಂದ ತಯಾರಾಗುವ ಸೈಕ್ಲೋಡೆಕ್ಸ್‌ಟ್ರಿನ್ ಅಂಥದ್ದು. ಅದರ ಉಂಗುರದೊಳಗೆ ಒಂದು ರೂಪ ಗಟ್ಟಿಯಾಗಿ ಕೂರುತ್ತದೆ, ಇನ್ನೊಂದು ಸಡಿಲವಾಗಿ. ಸರಿ, ಹಿಡಿದಾಯಿತು. ಬಿಡಿಸುವುದು ಹೇಗೆ? ದ್ರಾವಕ ಸುರಿದು ತೊಳೆಯಬಹುದು, ಇಡೀ ಪಾತ್ರೆ ಕಾಯಿಸಬಹುದು. ಎರಡೂ ದುಬಾರಿ. ಜಾಸ್ತಿ ಕಾಯಿಸಿದರೆ ಕೆಲವು ಅಣುಗಳು ಎಡದಿಂದ ಬಲಕ್ಕೆ ತಿರುಗಿ, ಮಾಡಿದ ಕೆಲಸವೆಲ್ಲ ವ್ಯರ್ಥ.

ಇಲ್ಲಿ ಚಿನ್ನದ ನ್ಯಾನೋ ಕಣ ನೆರವಿಗೆ ಬರುತ್ತದೆ. 20 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಗಾತ್ರಕ್ಕೆ ಇಳಿದ ಚಿನ್ನ ನೀರಿನಲ್ಲಿ ಹಳದಿ ಕಾಣುವುದಿಲ್ಲ, ಮಾಣಿಕ್ಯದ ಕೆಂಪು ಕಾಣುತ್ತದೆ. ಹಸಿರು ಬೆಳಕನ್ನು ಅದು ಹೀರಿಕೊಂಡಿರುತ್ತದೆ. ಬೆಳಕು ಬಿದ್ದಾಗ ಕಣದ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಾಗಿ ತೂಗಾಡುತ್ತವೆ, ಆ ಶಕ್ತಿ ಶಾಖವಾಗಿ ಹೊರಬರುತ್ತದೆ. ಈ ಕಣದ ಮೈಗೆ ಸೈಕ್ಲೋಡೆಕ್ಸ್‌ಟ್ರಿನ್ ಅಂಟಿಸಿಬಿಟ್ಟರೆ? ಬೆಳಕು ಹಾಕಿದ ಕೂಡಲೇ ಬಿಸಿ ಆ ಉಂಗುರಕ್ಕೇ ತಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಹೊರಬಿದ್ದ ಅಣು ಸುತ್ತಲಿನ ತಣ್ಣನೆ ದ್ರಾವಣಕ್ಕೆ ಸೇರುತ್ತದೆ. ಬೆಳಕು ಆರಿಸಿದರೆ ಉಂಗುರ ಮತ್ತೆ ಹಿಡಿಯಲು ತಯಾರು. ಇದೆಷ್ಟು ಚೆಂದದ ಉಪಾಯ ಅಲ್ವಾ?

ದೊಡ್ಡ ಪಾತ್ರೆಗೆ ಹೋದರೆ ಮಾತ್ರ ತೊಡಕು. ಮೇಲಿನ ಕಣಗಳೇ ಬೆಳಕನ್ನೆಲ್ಲ ನುಂಗಿ ಕೆಳಗೆ ಕತ್ತಲೆ ಉಳಿಯುತ್ತದೆ. ಅದಕ್ಕೇ ದ್ರಾವಣವನ್ನು ತೆಳು ಪೊರೆಯ ಮೇಲೋ ಸಣ್ಣ ಕೊಳವೆಯಲ್ಲೋ ಹರಿಸಬೇಕಾಗುತ್ತದೆ.