ಮಳೆಗಾಲಕ್ಕೆ ಮುಂಚೆ ವೆಬ್‌ಸೈಟ್ ಗಟ್ಟಿ ಮಾಡಿಕೊಳ್ಳುವುದು: ಜೊತೆಗೆ ಕಲಿಯುವವರಿಗೆ ಟಿಪ್ಪಣಿ

ಕೊಡಗಿನಲ್ಲಿ ವೆಬ್‌ಸೈಟ್ ಮಾಡಲು ಕಲಿಯುವವರು ಮೊದಲು ಕೈ ಹಾಕುವುದು ಸಾಮಾನ್ಯವಾಗಿ ಎರಡಕ್ಕೆ. ಒಂದೋ ಹೋಂಸ್ಟೇ ಸೈಟು, ಇಲ್ಲ ಕಾಫಿಪುಡಿ, ಜೇನು, ಕಾಳುಮೆಣಸು ಮಾರುವ ಸೈಟು. ಹಾಗಾಗಿ ಇಲ್ಲಿ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ನಾಪೋಕ್ಲು ಕಡೆಯ ಒಂದು ತೋಟದ ಮನೆ, ಅತಿಥಿಗಳಿಗೆ ಮೂರು ರೂಮು, ಜೊತೆಗೆ ಸ್ವಲ್ಪ ಕಾಫಿಪುಡಿ ವ್ಯಾಪಾರ.

ಸೈಟ್ ಕಟ್ಟುವುದು ಈಗ ದೊಡ್ಡ ಕೆಲಸವಲ್ಲ. ವರ್ಡ್‌ಪ್ರೆಸ್ (ಕೋಡ್ ಬರೆಯದೆ ಸೈಟ್ ಕಟ್ಟುವ ತಂತ್ರಾಂಶ) ಹಾಕಿ, ಥೀಮ್ ಎಂಬ ಸಿದ್ಧ ವಿನ್ಯಾಸ ಆರಿಸಿ, ಫೋಟೋ ಏರಿಸಿದರೆ ಏನೋ ಒಂದು ನಿಲ್ಲುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲ, ಟವರ್ ಇಲ್ಲ. ಸೈಟ್ ಇರುವ ಕಂಪ್ಯೂಟರ್, ಅಂದರೆ ಸರ್ವರ್, ಎಲ್ಲೋ ಮುಂಬೈಯಲ್ಲಿ ಆರಾಮಾಗಿ ಓಡುತ್ತಿರುತ್ತದೆ. ಆದರೆ ಅದೇ ವಾರ ಡೊಮೇನ್ ಅವಧಿ ಮುಗಿದರೆ, ಯಾರೋ ಲಾಗಿನ್ ಒಡೆದರೆ, ನೋಡುವವರಿಲ್ಲ. ಅದಕ್ಕೇ ನಾನು ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಯಾರ ಹೆಸರಲ್ಲಿದೆ? ನಾನು ಒಂದು ವಾರ ಕೈಗೆ ಸಿಗದಿದ್ದರೆ ಏನಾಗುತ್ತದೆ?

ಡೊಮೇನ್ ಯಾರದು?

ಮೂರು ವಿಷಯ ಬೇರೆ ಬೇರೆ ಎಂದು ಮೊದಲು ತಲೆಗೆ ಹಾಕಿಕೊಳ್ಳಿ. ಡೊಮೇನ್ ಎಂದರೆ ಹೆಸರು. ಹೋಸ್ಟಿಂಗ್ ಎಂದರೆ ಫೈಲುಗಳು ಇರುವ ಜಾಗ. ಡಿಎನ್‌ಎಸ್ ಎಂದರೆ ಆ ಹೆಸರು ಕೇಳಿದವರಿಗೆ ಈ ಜಾಗ ತೋರಿಸುವ ಪಟ್ಟಿ. ಮೂರನ್ನೂ ಒಂದೇ ಕಂಪನಿಯಿಂದ ಕೊಳ್ಳಬಹುದು, ಬೇರೆ ಬೇರೆ ಕಡೆಯಿಂದಲೂ ಕೊಳ್ಳಬಹುದು. ಡಾಟ್ ಇನ್ ಹೆಸರುಗಳ ಮೇಲುಸ್ತುವಾರಿ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾದ್ದು. ನಾವು ಕೊಳ್ಳುವುದು ಅದರ ಮಾನ್ಯತೆ ಇರುವ ರಿಜಿಸ್ಟ್ರಾರ್ ಕಂಪನಿಗಳಿಂದ.

ಸೈಟ್ ಮಾಡಿಕೊಡುವ ಹುಡುಗರು ಡೊಮೇನನ್ನು ತಮ್ಮದೇ ಅಕೌಂಟಿನಲ್ಲಿ ಕೊಂಡುಬಿಡುತ್ತಾರೆ. ಕೆಟ್ಟ ಬುದ್ಧಿಯಿಂದಲ್ಲ, ಸುಮ್ನೆ ಸುಲಭ ಅಂತ. ಎರಡು ವರ್ಷದ ಮೇಲೆ ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ, ನಂಬರ್ ಬದಲಾಗಿರುತ್ತದೆ, ಹೆಸರು ಮಾತ್ರ ಅವನ ಕೈಯಲ್ಲೇ ಉಳಿದಿರುತ್ತದೆ. ಹೋಸ್ಟಿಂಗ್ ಹೋದರೆ ಬೇರೆ ಕೊಳ್ಳಬಹುದು. ಬೋರ್ಡು, ವಿಸಿಟಿಂಗ್ ಕಾರ್ಡು, ಗೂಗಲ್ ಮ್ಯಾಪ್ ಎಲ್ಲದರಲ್ಲೂ ಇರುವ ಹೆಸರು ಹೋದರೆ ಎಲ್ಲಿಂದ ತರುವುದು? ಹಾಗಾಗಿ ಅಕೌಂಟ್ ಮನೆಯವರ ಹೆಸರಲ್ಲಿ, ಮನೆಯವರ ಇಮೇಲ್‌ನಲ್ಲಿ ಇರಬೇಕು. ಆ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ನಿಂತರೆ ಅದರ ಇಮೇಲ್ ಕೂಡ ನಿಲ್ಲುತ್ತದೆ, ಆಗ ನವೀಕರಣದ ಓಲೆ ಎಲ್ಲಿಗೆ ಬರಬೇಕು? ಬೇರೆಯವರಿಂದ ಡೊಮೇನ್ ವರ್ಗ ಮಾಡಿಸಿಕೊಳ್ಳಬೇಕಾದರೆ ಅವರು ಲಾಕ್ ತೆಗೆದು ಒಂದು ಆಥ್ ಕೋಡ್ ಕೊಡಬೇಕು. ಸ್ನೇಹ ಚೆನ್ನಾಗಿರುವಾಗಲೇ ಕೇಳಿಬಿಡಿ.

ತಾನಾಗಿಯೇ ನವೀಕರಣ ಆಗುವಂತೆ ಇಟ್ಟರೆ ಸಾಕೆಂದುಕೊಳ್ಳಬೇಡಿ. ಕಾರ್ಡಿನ ಅವಧಿ ಮುಗಿದಿದ್ದರೆ, ಬ್ಯಾಂಕ್ ಒಪ್ಪದಿದ್ದರೆ ಹಣ ಕಟ್ ಆಗುವುದಿಲ್ಲ. ಡೊಮೇನನ್ನು ಹೆಚ್ಚೆಂದರೆ 10 ವರ್ಷಕ್ಕೆ ಒಟ್ಟಿಗೆ ಕೊಳ್ಳಬಹುದು. ನನ್ನ ಪ್ರಕಾರ ಕಾಫಿ ಮಾರಿ ಕೈಯಲ್ಲಿ ದುಡ್ಡಿರುವ ಮಾರ್ಚ್ ಹೊತ್ತಿಗೆ ನಾಲ್ಕೈದು ವರ್ಷಕ್ಕೆ ಕಟ್ಟಿಬಿಡುವುದೇ ವಾಸಿ.

ಹೆಸರು ಆರಿಸುವಾಗ ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಕಕ್ಕಬ್ಬೆ, ಬೆಟ್ಟಗೇರಿಯಂಥ ಊರ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಡೊಮೇನ್ ಕೂಡ ಇದೆ. ಆಸೆ ಇದ್ದರೆ ತೆಗೆದುಕೊಂಡು ಮುಖ್ಯ ಸೈಟಿಗೆ ತಿರುಗಿಸಿ. ಅದೊಂದನ್ನೇ ನಂಬಿಕೊಳ್ಳುವುದು ಬೇಡ, ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಒಪ್ಪದ ಫಾರ್ಮುಗಳು ಇನ್ನೂ ಬಹಳ ಇವೆ.

ಡಿಎನ್‌ಎಸ್ ಪಟ್ಟಿ

ಎ ರೆಕಾರ್ಡ್ ಸೈಟ್ ಇರುವ ಸರ್ವರ್ ತೋರಿಸುತ್ತದೆ. ಎಂಎಕ್ಸ್ ರೆಕಾರ್ಡ್ ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಟಿಎಕ್ಸ್‌ಟಿ ರೆಕಾರ್ಡ್‌ನಲ್ಲಿ ಪರಿಶೀಲನೆಯ ಸಾಲುಗಳು ಇರುತ್ತವೆ. ಹೋಸ್ಟಿಂಗ್ ಬದಲಿಸುವಾಗ ನೇಮ್‌ಸರ್ವರ್ (ಈ ಪಟ್ಟಿ ಇರುವ ಸರ್ವರ್) ಬದಲಿಸಿ ಕೈ ತೊಳೆದುಕೊಂಡರೆ ಹಳೆಯ ಎಂಎಕ್ಸ್ ಸಾಲು ಹೊಸ ಪಟ್ಟಿಗೆ ಬರುವುದಿಲ್ಲ. ಸೈಟ್ ಚೆನ್ನಾಗಿ ತೆರೆಯುತ್ತದೆ, ಬುಕ್ಕಿಂಗ್ ಮೇಲ್ ಮಾತ್ರ ನಿಂತಿರುತ್ತದೆ. ಯಾರಿಗೂ ತಕ್ಷಣ ಗೊತ್ತೂ ಆಗುವುದಿಲ್ಲ. ಬದಲಿಸುವ ಮೊದಲು ಪೂರ್ತಿ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ.

ಟಿಟಿಎಲ್ ಎಂಬುದು ಹಳೆಯ ಉತ್ತರವನ್ನು ಬೇರೆ ಸರ್ವರ್‌ಗಳು ಎಷ್ಟು ಸೆಕೆಂಡ್ ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ. 86400 ಎಂದಿದ್ದರೆ ಪೂರ್ತಿ ಒಂದು ದಿನ. ಸರ್ವರ್ ಬದಲಿಸುವ ಹಿಂದಿನ ದಿನವೇ 300ಕ್ಕೆ ಇಳಿಸಿದರೆ ಐದು ನಿಮಿಷದಲ್ಲಿ ಹೊಸ ಜಾಗ ಹೆಚ್ಚುಕಮ್ಮಿ ಎಲ್ಲರಿಗೂ ಸಿಗುತ್ತದೆ.

ಇನ್ನೊಂದು ಸಣ್ಣ ವಿಷಯ. ಸೈಟಿನ ಫಾರ್ಮ್ ತುಂಬಿದವರ ಮೇಲ್ ಸ್ಪ್ಯಾಮಿಗೆ ಹೋಗುತ್ತಿದೆಯಾ? ಬಹಳ ಸಲ ಫಾರ್ಮ್ ಆ ಮೇಲನ್ನು ಅತಿಥಿಯ ವಿಳಾಸದಿಂದಲೇ ಬಂದಂತೆ ಕಳಿಸುತ್ತಿರುತ್ತದೆ. ನಮ್ಮ ಸರ್ವರ್ ಅತಿಥಿಯ ಜಿಮೇಲ್ ಹೆಸರಲ್ಲಿ ಮೇಲ್ ಕಳಿಸಿದರೆ ಅದು ನಕಲಿಯ ಹಾಗೇ ಕಾಣುತ್ತದೆ, ಅಲ್ವಾ? ಕಳಿಸುವ ವಿಳಾಸ ನಮ್ಮ ಡೊಮೇನಿನದ್ದಿರಲಿ, ಅತಿಥಿಯ ವಿಳಾಸ ರಿಪ್ಲೈ ಟು ಜಾಗದಲ್ಲಿರಲಿ. ಮೇಲ್ ನಿಜವಾಗಿ ನಮ್ಮದೇ ಎಂದು ಸಾಬೀತು ಮಾಡುವ ಎಸ್‌ಪಿಎಫ್, ಡಿಕೆಐಎಂ ಎಂಬ ಎರಡು ಸಾಲನ್ನೂ ಟಿಎಕ್ಸ್‌ಟಿಯಲ್ಲಿ ಸೇರಿಸಿ.

ಟವರ್ ಇಲ್ಲದಾಗ ಒಟಿಪಿ

ಪಾಸ್‌ವರ್ಡ್ ಬಗ್ಗೆ ಎಲ್ಲರೂ ಹೇಳಿದ್ದನ್ನೇ ನಾನು ಮತ್ತೆ ಹೇಳುವುದಿಲ್ಲ. ಉದ್ದವಿರಲಿ, ಒಂದೊಂದು ಕಡೆಗೆ ಒಂದೊಂದಿರಲಿ, ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಅಷ್ಟೇ. ನಮ್ಮ ಕಡೆಯ ನಿಜವಾದ ತೊಂದರೆ ಎರಡನೆಯ ಹಂತದ್ದು, ಅಂದರೆ ಪಾಸ್‌ವರ್ಡ್ ಆದ ಮೇಲೆ ಕೇಳುವ ಕೋಡಿನದ್ದು.

ಎಸ್‌ಎಂಎಸ್ ಒಟಿಪಿ ಬರಬೇಕಾದರೆ ಸಿಗ್ನಲ್ ಬೇಕು. ಮನೆಯಲ್ಲಿ ವೈಫೈ ಇದೆ, ಆದರೆ ಒಟಿಪಿ ಬರಲು ತೋಟದ ಮೇಲಿನ ಗುಡ್ಡ ಹತ್ತಬೇಕು. ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಅದಕ್ಕೆ ಪರಿಹಾರ ಅಥೆಂಟಿಕೇಟರ್ ಆ್ಯಪ್. ಮೊದಲ ಸಲ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಸರ್ವರ್ ಒಂದು ಗುಟ್ಟಿನ ಸಂಖ್ಯೆಯನ್ನು ಫೋನಿಗೆ ಕೊಡುತ್ತದೆ. ಅಲ್ಲಿಂದ ಮುಂದೆ ಫೋನ್ ಆ ಸಂಖ್ಯೆಯನ್ನೂ ಗಡಿಯಾರದ ಹೊತ್ತನ್ನೂ ಸೇರಿಸಿ 30 ಸೆಕೆಂಡಿಗೊಮ್ಮೆ ಹೊಸ ಕೋಡ್ ಲೆಕ್ಕ ಹಾಕುತ್ತದೆ. ಅತ್ತ ಸರ್ವರ್ ಕೂಡ ಅದೇ ಲೆಕ್ಕ ಹಾಕುತ್ತದೆ. ಎರಡೂ ಹೊಂದಿದರೆ ಬಾಗಿಲು ತೆರೆಯುತ್ತದೆ. ಕೋಡ್ ಹುಟ್ಟುವುದು ಫೋನಿನೊಳಗೇ, ಆದ್ದರಿಂದ ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಸರಿಯಾದ ಕೋಡ್ ಹಾಕಿದರೂ ತಪ್ಪು ಎಂದು ಬಂದರೆ ಮೊದಲು ಫೋನಿನ ಗಡಿಯಾರ ನೋಡಿ, ಕೆಲವು ನಿಮಿಷ ಹಿಂದೆ ಮುಂದೆ ಇದ್ದರೂ ಲೆಕ್ಕ ಕೂಡುವುದಿಲ್ಲ.

ಆ್ಯಪ್ ಹಾಕುವಾಗ ಬ್ಯಾಕಪ್ ಕೋಡುಗಳ ಒಂದು ಪಟ್ಟಿಯನ್ನೂ ಕೊಡುತ್ತಾರೆ. ಅದನ್ನು ಕಾಗದಕ್ಕೆ ಬರೆದು ಮನೆಯ ದಾಖಲೆಗಳ ಜೊತೆ ಇಡಿ. ಫೋನ್ ನೀರಿಗೆ ಬಿದ್ದ ದಿನ ಅದೇ ದಾರಿ. ಜೊತೆಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ನಂಬಿಕೆಯ ಒಬ್ಬರಿಗೆ ಬೇರೆ ಅಡ್ಮಿನ್ ಲಾಗಿನ್ ಮಾಡಿಕೊಡಿ. ನಿಮ್ಮ ಪಾಸ್‌ವರ್ಡ್ ಕೊಡಬೇಡಿ, ಅವರದೇ ಲಾಗಿನ್ ಇದ್ದರೆ ಬೇಡವಾದಾಗ ತೆಗೆಯಬಹುದು. ಫೋಟೋ ಏರಿಸಲು ಮಾತ್ರ ಬರುವ ಹುಡುಗನಿಗೆ ಅಡ್ಮಿನ್ ಯಾಕೆ? ಎಡಿಟರ್ ಸಾಕು.

ಬೀಗದ ಗುರುತು

ವಿಳಾಸದ ಪಕ್ಕ ಕಾಣುವ ಬೀಗ ಎಚ್‌ಟಿಟಿಪಿಎಸ್‌ನ ಗುರುತು. ಎಚ್‌ಟಿಟಿಪಿಎಸ್ ಇಲ್ಲದ ಸೈಟನ್ನು ಕ್ರೋಮ್ 2018ರ ಜುಲೈಯಿಂದ ಸುರಕ್ಷಿತವಲ್ಲ ಎಂದು ತೋರಿಸುತ್ತಿದೆ. ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ದುಡ್ಡು ಕೊಡಬೇಕಿಲ್ಲ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪುಕ್ಕಟೆ ಕೊಡುತ್ತದೆ. ಅದರ ಸಾಮಾನ್ಯ ಅವಧಿ 90 ದಿನ. ಮುಗಿಯುವ ಮುಂಚೆ ಬರುತ್ತಿದ್ದ ನೆನಪಿನ ಮೇಲ್ 2025ರ ಜೂನ್‌ನಲ್ಲಿ ನಿಂತಿದೆ. ಬೇರೆ ಕಂಪನಿಗಳ ಪ್ರಮಾಣಪತ್ರದ ಅವಧಿಯೂ ಕಮ್ಮಿಯಾಗುತ್ತಾ ಹೋಗುತ್ತದೆ. 2026ರ ಮಾರ್ಚ್ 15ರಿಂದ ಹೆಚ್ಚೆಂದರೆ 200 ದಿನ, 2029ರ ಮಾರ್ಚ್ 15ರಿಂದ 47 ದಿನ. ಕೈಯಿಂದ ಹಾಕುವ ಕಾಲ ಮುಗಿಯಿತು. ಹೋಸ್ಟಿಂಗ್ ಕೊಳ್ಳುವಾಗ ಪ್ರಮಾಣಪತ್ರ ತಾನಾಗಿಯೇ ನವೀಕರಣ ಆಗುತ್ತದಾ ಎಂದು ಕೇಳಿ, ಇಲ್ಲ ಎಂದರೆ ಬೇರೆ ಕಡೆ ನೋಡಿ.

ಬೀಗದ ಗುರುತು ಇದ್ದ ಮಾತ್ರಕ್ಕೆ ಸೈಟ್ ನಂಬಿಗಸ್ತ ಎಂದಲ್ಲ. ಅದು ಬ್ರೌಸರಿನಿಂದ ಸರ್ವರಿಗೆ ಹೋಗುವ ದಾರಿಯನ್ನು ಮಾತ್ರ ಕಾಯುತ್ತದೆ. ಮೋಸದ ಬುಕ್ಕಿಂಗ್ ಸೈಟಿಗೂ ಅದು ಪುಕ್ಕಟೆ ಸಿಗುತ್ತದೆ.

ಲಾಗ್ ತೆರೆದು ನೋಡಿ

ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಆ್ಯಕ್ಸೆಸ್ ಲಾಗ್ ಎಂಬ ಫೈಲ್ ಇರುತ್ತದೆ, ಸೈಟಿಗೆ ಬಂದವರು ಏನೇನು ಕೇಳಿದರು ಎಂಬ ದಾಖಲೆ. ಹೊಸಬರು ಅದನ್ನು ಒಮ್ಮೆಯಾದರೂ ತೆರೆಯಲೇಬೇಕು. ಸೈಟ್ ಹಾಕಿ ಇನ್ನೂ ಯಾರಿಗೂ ಹೇಳಿರುವುದಿಲ್ಲ, ಆಗಲೇ ಯಾವುದೋ ದೇಶದ ಬಾಟ್ (ತಾನಾಗಿಯೇ ಸೈಟುಗಳನ್ನು ತಡಕುವ ಪ್ರೋಗ್ರಾಂ) ಬಂದು ವರ್ಡ್‌ಪ್ರೆಸ್ ಲಾಗಿನ್ ಪುಟ ಕೇಳಿರುತ್ತದೆ. ಸೈಟಿನಲ್ಲಿ ವರ್ಡ್‌ಪ್ರೆಸ್ ಇಲ್ಲದಿದ್ದರೂ ಕೇಳುತ್ತದೆ. ಮುಂದಿನ ಸಾಲಿನಲ್ಲಿ ಬ್ಯಾಕಪ್ ಡಾಟ್ ಜಿಪ್ ಇದೆಯಾ, ಅದರ ಮುಂದೆ ಪಾಸ್‌ವರ್ಡುಗಳು ಇರುವ ಡಾಟ್ ಇಎನ್‌ವಿ ಫೈಲ್ ಇದೆಯಾ. ಅದಕ್ಕೆ ನಾಪೋಕ್ಲು ಗೊತ್ತಿಲ್ಲ, ನೀವು ಯಾರೆಂದೂ ಬೇಕಿಲ್ಲ, ಸಿಕ್ಕ ಬಾಗಿಲನ್ನೆಲ್ಲ ತಳ್ಳುತ್ತಾ ಹೋಗುತ್ತದೆ. ‘ನಮ್ಮ ಸಣ್ಣ ಸೈಟನ್ನು ಯಾರು ಹ್ಯಾಕ್ ಮಾಡುತ್ತಾರೆ’ ಎನ್ನುವವರಿಗೆ ನಾನು ಮಾತಾಡುವುದಿಲ್ಲ, ಲಾಗ್ ತೋರಿಸುತ್ತೇನೆ.

ಈ ಬಾಟುಗಳಿಗೆ ಜಾಸ್ತಿ ಸಿಗುವುದು ಹಳೆಯ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಮೇಲಿಂದ ಸೇರಿಸಿದ ಸಣ್ಣ ತಂತ್ರಾಂಶ. ವರ್ಡ್‌ಪ್ರೆಸ್ ತನ್ನ ಸಣ್ಣ ಅಪ್‌ಡೇಟುಗಳನ್ನು 2013ರಿಂದ ತಾನೇ ಹಾಕಿಕೊಳ್ಳುತ್ತದೆ. ಪ್ಲಗಿನ್ ಮತ್ತು ಥೀಮಿಗೆ ಮಾತ್ರ ನಾವೇ ಹೇಳಬೇಕು. ಬೇಡದ ಪ್ಲಗಿನ್ನನ್ನು ಡಿಆ್ಯಕ್ಟಿವೇಟ್ ಮಾಡಿದರೆ ಸಾಲದು, ಫೈಲುಗಳು ಸರ್ವರಿನಲ್ಲೇ ಇರುತ್ತವೆ. ಡಿಲೀಟ್ ಮಾಡಿ. ದುಡ್ಡಿನ ಥೀಮ್ ಪುಕ್ಕಟೆ ಸಿಗುತ್ತದೆಂದು ಟೆಲಿಗ್ರಾಂನಿಂದ ಇಳಿಸಿಕೊಂಡು ಹಾಕಿದರಂತೂ ಕಳ್ಳಬಾಗಿಲನ್ನು ನಾವೇ ತಂದಿಟ್ಟಂತೆ. ಫೈಲಿನ ಅನುಮತಿ 644, ಫೋಲ್ಡರಿನದ್ದು 755. ಏನೋ ಓಡುತ್ತಿಲ್ಲ ಎಂದು 777 (ಸರ್ವರಿನಲ್ಲಿ ಯಾರು ಬೇಕಾದರೂ ಬದಲಿಸಬಹುದಾದ ಅನುಮತಿ) ಕೊಡುವ ಸಲಹೆ ಎಲ್ಲಾದರೂ ಸಿಕ್ಕರೆ ಕೇಳಬೇಡಿ.

ಹೋಂಸ್ಟೇ ಸೈಟಿಗೆ ಇನ್ನೊಂದು ದೊಡ್ಡ ಅಪಾಯವಿದೆ. ಅತಿಥಿಗಳ ಆಧಾರ್ ಫೋಟೋವನ್ನು ಬುಕ್ಕಿಂಗ್ ಫಾರ್ಮಿನಲ್ಲೇ ತೆಗೆದುಕೊಳ್ಳುವುದು. ಆ ಫೋಟೋ ಅಪ್‌ಲೋಡ್ಸ್ ಫೋಲ್ಡರಿಗೆ ಹೋಗಿ ಕೂರುತ್ತದೆ. ಅದರ ವಿಳಾಸ ಊಹಿಸಿದವರು ಯಾರು ಬೇಕಾದರೂ ನೋಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರವೂ ಬೇಕಾದಷ್ಟೇ ಮಾಹಿತಿಯನ್ನು ಬೇಕಾದಷ್ಟು ಕಾಲ ಮಾತ್ರ ಇಟ್ಟುಕೊಳ್ಳಬೇಕು. ಗುರುತಿನ ಚೀಟಿಯನ್ನು ಮನೆಗೆ ಬಂದಾಗಲೇ ನೋಡಿದರಾಯಿತು. ಕಾರ್ಡಿನ ನಂಬರನ್ನೂ ಮುಟ್ಟಲು ಹೋಗಬೇಡಿ, 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಪೇಮೆಂಟ್ ಗೇಟ್‌ವೇ ಅಥವಾ ಯುಪಿಐ ಸಾಕು.

ಕನ್ನಡ ಪುಟ, ಭಾರದ ಫೋಟೋ

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯೂನಿಕೋಡಿಗೆ ಬದಲಿಸಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಎತ್ತರ 1.7ರ ಆಸುಪಾಸು ಇಡಿ. ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡುವುದು ಒಳ್ಳೆಯದು. ಒಂದು ಕನ್ನಡ ಸಂಕೇತ ಯುಟಿಎಫ್-8ರಲ್ಲಿ (ಯೂನಿಕೋಡನ್ನು ಉಳಿಸಿಡುವ ರೀತಿ) 3 ಬೈಟ್, ವಿಳಾಸದಲ್ಲಿ ಅದು 9 ಅಕ್ಷರವಾಗುತ್ತದೆ. ಮಡಿಕೇರಿ ಎಂಬುದರಲ್ಲಿ ಗುಣಿತದ ಗುರುತೂ ಸೇರಿ 7 ಸಂಕೇತ. ವಾಟ್ಸಾಪಿಗೆ ಅಂಟಿಸಿದರೆ 63 ಅಕ್ಷರದ ಬಾಲ ಬರಬಹುದು. ಅದನ್ನು ನೋಡಿ ಯಾರು ಒತ್ತುತ್ತಾರೆ?

ಫೋಟೋ ಫೋನಿನಿಂದ ನೇರ ಏರಿಸಿದರೆ ಒಂದೊಂದು 4-5 ಎಂಬಿ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಎಂಬ ಹಗುರ ಫೋಟೋ ರೂಪಕ್ಕೆ ಮಾಡಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್ ಅಳತೆ. ಅದನ್ನು ಮನೆಯ ವೈಫೈನಲ್ಲಿ ಪರೀಕ್ಷಿಸಬೇಡಿ. ಕುಶಾಲನಗರ ದಾಟಿ ಆನೆಕಾಡಿನ ರಸ್ತೆಯಲ್ಲಿ ಬಸ್ಸಿನೊಳಗೆ ಕೂತು ತೆರೆದು ನೋಡಿ.

ಬ್ಯಾಕಪ್, ಮತ್ತು ಹ್ಯಾಕ್ ಆದ ದಿನ

ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಪ್ರತಿ ಬೇರೆ ಊರಲ್ಲಿ: ಇದು ಹಳೆಯ ನಿಯಮ. ಬ್ಯಾಕಪ್ ಪ್ಲಗಿನ್ ಹಾಕಿ, ಜಿಪ್ ಫೈಲನ್ನು ಅದೇ ಸರ್ವರಿನಲ್ಲಿ ಬಿಟ್ಟರೆ ಸೈಟಿನ ಜೊತೆ ಬ್ಯಾಕಪ್ಪೂ ಹೋಗುತ್ತದೆ. ಬಾಟ್ ಹುಡುಕುವ ಜಿಪ್ ಅದೇ, ಡೇಟಾಬೇಸ್ ಪಾಸ್‌ವರ್ಡ್ ಸಮೇತ. ವಾರಕ್ಕೊಮ್ಮೆ ತಾನಾಗಿಯೇ ಕ್ಲೌಡ್ ಡ್ರೈವಿಗೆ ಹೋಗುವಂತೆ ಮಾಡಿ, ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಇಳಿಸಿ. ಫೈಲುಗಳ ಜೊತೆ ಡೇಟಾಬೇಸೂ ಇದೆಯಾ ನೋಡಿ. ಮೇ ತಿಂಗಳಲ್ಲಿ ಒಮ್ಮೆ ಬೇರೆ ಫೋಲ್ಡರಿನಲ್ಲಿ ಅದರಿಂದಲೇ ಸೈಟ್ ಎಬ್ಬಿಸಿ ನೋಡಿ. ಎದ್ದರೆ ಮಾತ್ರ ಅದನ್ನು ಬ್ಯಾಕಪ್ ಎನ್ನಬಹುದು.

ಹ್ಯಾಕ್ ಆದದ್ದು ಮನೆಯವರಿಗೆ ಎಷ್ಟೋ ಸಲ ಕಾಣುವುದೇ ಇಲ್ಲ. ಸೈಟ್ ಎಂದಿನಂತೆ ತೆರೆಯುತ್ತದೆ, ಗೂಗಲ್‌ನಲ್ಲಿ ಹುಡುಕಿದರೆ ಮಾತ್ರ ನಮ್ಮ ಹೆಸರಿನ ಕೆಳಗೆ ಜಪಾನಿ ಭಾಷೆಯಲ್ಲಿ ಚಪ್ಪಲಿ, ಬ್ಯಾಗು. ಕಳ್ಳ ಕೋಡ್ ಗೂಗಲ್ ಬಾಟಿಗೆ ಒಂದು ಪುಟ ತೋರಿಸಿ ನಮಗೆ ಇನ್ನೊಂದು ತೋರಿಸುತ್ತಿರುತ್ತದೆ. ಆಗ ಗಾಬರಿಯಲ್ಲಿ ಫೈಲ್ ಅಳಿಸಲು ಕೂರಬೇಡಿ. ಮೊದಲು ಲಾಗ್ ಇಳಿಸಿಟ್ಟುಕೊಳ್ಳಿ, ಆಮೇಲೆ ಸಿಗದೇ ಹೋಗಬಹುದು. ಸೈಟನ್ನು ತಾತ್ಕಾಲಿಕವಾಗಿ ಮುಚ್ಚಿ. ಹೋಸ್ಟಿಂಗ್, ಡೇಟಾಬೇಸ್, ಅಡ್ಮಿನ್, ಇಮೇಲ್ ಎಲ್ಲ ಪಾಸ್‌ವರ್ಡ್ ಬದಲಿಸಿ. ಗುರುತಿಲ್ಲದ ಅಡ್ಮಿನ್ ಇದ್ದಾರಾ ಎಂದು ನೋಡಿ ತೆಗೆಯಿರಿ. ಕಳ್ಳ ಕೋಡ್ ಬರುವುದಕ್ಕೆ ಮುಂಚಿನ ಬ್ಯಾಕಪ್ ಹಾಕಿ, ತಕ್ಷಣ ಎಲ್ಲ ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಅದೇ ತೂತಿನಿಂದ ಮತ್ತೆ ಬರುತ್ತಾರೆ. ಇಂಥ ಘಟನೆಗಳನ್ನು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸರ್ಟ್-ಇನ್ ಸಂಸ್ಥೆಗೆ 6 ಗಂಟೆಯೊಳಗೆ ತಿಳಿಸಬೇಕೆಂದು 2022ರ ಆದೇಶವಿದೆ. ಅತಿಥಿಗಳ ಹಣ ಹೋಗಿದ್ದರೆ ಅವರಿಗೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲು ಹೇಳಿ, ಬೇಗ ತಿಳಿಸಿದಷ್ಟೂ ಹಣ ತಡೆಯುವ ಸಾಧ್ಯತೆ ಜಾಸ್ತಿ. ಎಲ್ಲ ಸರಿಯಾದ ಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ (ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಪುಟ) ಎಚ್ಚರಿಕೆ ಬಂದಿದ್ದರೆ ಮರುಪರಿಶೀಲನೆ ಕೇಳಿ. ಜಪಾನಿ ಪುಟಗಳು ಹುಡುಕಾಟದಿಂದ ಪೂರ್ತಿ ಮಾಯವಾಗಲು ಕೆಲವು ವಾರ ಹಿಡಿಯಬಹುದು.