ಮೆಕ್ಕೆಜೋಳ ಹಡಗು ಹತ್ತಿತು, ಸುಣ್ಣ ಊರಲ್ಲೇ ಉಳಿಯಿತು

ಆಹಾರತಜ್ಞೆಯಾದ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ: ‘ಯಾವ ದೇಶದವರ ಊಟ ಎಲ್ಲಕ್ಕಿಂತ ಒಳ್ಳೆಯದು?’ ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಉತ್ತರವೂ ಸಿದ್ಧವಾಗಿರುತ್ತದೆ. ಜಪಾನಿನವರು ಬಹುಕಾಲ ಬದುಕುತ್ತಾರೆ, ಆದ್ದರಿಂದ ಹಸಿರು ಚಹಾ. ಗ್ರೀಸಿನವರ ಹೃದಯ ಗಟ್ಟಿ, ಆದ್ದರಿಂದ ಆಲಿವ್ ಎಣ್ಣೆ. ಒಂದು ದೇಶದ ಅಡುಗೆಮನೆಯಿಂದ ಒಂದೇ ಒಂದು ಪದಾರ್ಥವನ್ನು ಹೆಕ್ಕಿ ತಂದರೆ ಆ ಜನರ ಆರೋಗ್ಯವೂ ಅದರ ಹಿಂದೆಯೇ ಬರುತ್ತದೆ ಎಂಬ ನಂಬಿಕೆ ಇದು. ಹಾಗೆ ಬರುವುದಿಲ್ಲ ಎನ್ನುವುದಕ್ಕೆ ಚರಿತ್ರೆಯಲ್ಲಿ ಒಂದು ಘೋರ ಸಾಕ್ಷಿ ಇದೆ. ಪೌಷ್ಟಿಕಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಅದನ್ನು ಓದಿರುತ್ತಾರೆ. ಉಳಿದವರಿಗೂ ಅದು ಗೊತ್ತಿರಬೇಕೆಂಬುದು ನನ್ನ ಆಸೆ.

ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯಲ್ಲಿ ಒಣಗಿದ ಮೆಕ್ಕೆಜೋಳವನ್ನು ಹಾಗೆಯೇ ಬೀಸಿ ಹಿಟ್ಟು ಮಾಡುವುದಿಲ್ಲ. ಕಾಳನ್ನು ಸುಣ್ಣ ಕದಡಿದ ನೀರಿನಲ್ಲಿ ಬೇಯಿಸಿ, ಅದೇ ನೀರಿನಲ್ಲಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ನೀರು ಹಳದಿಗೆ ತಿರುಗಿ, ಕಾಳಿನ ಸಿಪ್ಪೆ ಲೋಳೆಯಂತಾಗಿರುತ್ತದೆ. ಅಂಗೈಗಳ ನಡುವೆ ಉಜ್ಜಿದರೆ ಸಾಕು, ಕಳಚಿಕೊಳ್ಳುತ್ತದೆ. ಚೆನ್ನಾಗಿ ತೊಳೆದು, ಒದ್ದೆಯಿರುವಾಗಲೇ ಅರೆದರೆ ಮೆತ್ತನೆಯ ಹಿಟ್ಟು. ತಟ್ಟಿ ಕಾದ ಹೆಂಚಿಗೆ ಹಾಕಿದರೆ ತೋರ್ತಿಯಾ. ಜೊತೆಗೆ ಬೇಯಿಸಿದ ಬೀನ್ಸ್ ಕಾಳು. ಮೆಕ್ಕೆಜೋಳದಲ್ಲಿ ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಇದ್ದರೂ ಅದರ ಹೆಚ್ಚಿನ ಪಾಲು ಬೇರೆ ಅಣುಗಳಿಗೆ ಬಿಗಿದುಕೊಂಡಿರುತ್ತದೆ. ನಮ್ಮ ಕರುಳಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಇಲ್ಲ. ಸುಣ್ಣದ ಕ್ಷಾರ ಆ ಕಟ್ಟನ್ನು ಸಡಿಲಿಸುತ್ತದೆ, ಹಿಟ್ಟಿಗೆ ಕ್ಯಾಲ್ಸಿಯಂ ಸೇರಿಸುತ್ತದೆ. ಮೆಕ್ಕೆಜೋಳದ ಪ್ರೊಟೀನಿನಲ್ಲಿರುವ ಕೊರತೆಯನ್ನು ಬೀನ್ಸ್ ತುಂಬುತ್ತದೆ. ವಿಟಮಿನ್ ಎಂಬ ಕಲ್ಪನೆಯೇ ಹುಟ್ಟುವ ಸಾವಿರಾರು ವರ್ಷ ಮೊದಲು ಅಲ್ಲಿನ ಹೆಂಗಸರು ಈ ಕ್ರಮವನ್ನು ಕಂಡುಕೊಂಡಿದ್ದರು.

ಕೊಲಂಬಸ್ಸನ ನಂತರ ಮೆಕ್ಕೆಜೋಳ ಯುರೋಪಿಗೆ ಹೋಯಿತು. ಇಳುವರಿ ಹೆಚ್ಚು, ಬೆಲೆ ಕಡಿಮೆ. ಬಡವರ ಹೊಟ್ಟೆಗೆ ಅದೇ ಆಧಾರವಾಯಿತು. ಸುಣ್ಣದ ನೀರಿನ ಪದ್ಧತಿ ಮಾತ್ರ ಹೋಗಲಿಲ್ಲ. 1735ರಲ್ಲಿ ಸ್ಪೇನಿನ ಆಸ್ಟೂರಿಯಾಸ್ ಪ್ರಾಂತದ ವೈದ್ಯ ಗಾಸ್ಪರ್ ಕಸಾಲ್, ಬಡ ರೈತರ ಕೈ ಕತ್ತುಗಳ ಚರ್ಮ ಕೆಂಪಾಗಿ ಒಡೆಯುವ ಕಾಯಿಲೆಯೊಂದನ್ನು ದಾಖಲಿಸಿದ. ಅದೇ ಪೆಲಾಗ್ರ. ಚರ್ಮ ಸುಲಿಯುತ್ತದೆ, ಭೇದಿ ನಿಲ್ಲುವುದಿಲ್ಲ, ಬುದ್ಧಿಭ್ರಮಣೆಯಾಗುತ್ತದೆ, ಕೊನೆಗೆ ಸಾವು. ಮೆಕ್ಕೆಜೋಳದ ಗಂಜಿಯನ್ನೇ ನಂಬಿದ್ದ ಉತ್ತರ ಇಟಲಿಯಲ್ಲಿ ಅದು ಮನೆಮನೆಯ ಪಿಡುಗಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದೇ ಕಥೆ. ಅಲ್ಲಿಗೆ 1914ರಲ್ಲಿ ಸರ್ಕಾರ ಕಳುಹಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್, ಇದು ಸೋಂಕಲ್ಲ, ಊಟದ ಕೊರತೆ ಎಂದು ಹೇಳಿದರು. ಯಾರೂ ನಂಬದಿದ್ದಾಗ ರೋಗಿಗಳ ರಕ್ತವನ್ನು ತಮ್ಮ ಮೈಗೇ ಚುಚ್ಚಿಸಿಕೊಂಡು ತೋರಿಸಿದರು. ಆ ಕೊರತೆ ನಯಾಸಿನ್‌ನದು ಎಂದು ಖಚಿತವಾದದ್ದು 1937ರಲ್ಲಿ. ಅಷ್ಟರಲ್ಲಿ ಎರಡು ಶತಮಾನ ಕಳೆದಿತ್ತು, ಲೆಕ್ಕವಿಲ್ಲದಷ್ಟು ಜನ ಸತ್ತಿದ್ದರು. ಮೆಕ್ಕೆಜೋಳ ತಿಂದು ಸತ್ತರು ಎನ್ನುವುದು ಅರ್ಧಸತ್ಯ. ಅದನ್ನು ತಿನ್ನುವ ಕ್ರಮ ಕೈಬಿಟ್ಟದ್ದರಿಂದ ಸತ್ತರು.

ಇಂದು ಆಲಿವ್ ಎಣ್ಣೆಗೆ ಆಗುತ್ತಿರುವುದೂ ಇದೇ ಜಾತಿಯ ತಪ್ಪು, ಪರಿಣಾಮ ಅಷ್ಟು ಘೋರವಲ್ಲ ಅಷ್ಟೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನದಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಗಂಡಸರಲ್ಲಿ ಹೃದ್ರೋಗದ ಸಾವು ಅತಿ ಕಡಿಮೆ ಇತ್ತು. ಅವರು ಎಣ್ಣೆಯನ್ನು ಧಾರಾಳವಾಗಿಯೇ ಬಳಸುತ್ತಿದ್ದರು, ನಿಜ. ಆದರೆ ಆ ಎಣ್ಣೆ ಬೀಳುತ್ತಿದ್ದದ್ದು ಕಾಡುಸೊಪ್ಪಿನ ಮೇಲೆ, ಬೇಯಿಸಿದ ಕಾಳುಗಳ ಮೇಲೆ, ಒರಟು ಬ್ರೆಡ್ಡಿನ ಮೇಲೆ. ಮಾಂಸ ಅಪರೂಪ. ತಿಂದವರು ಗುಡ್ಡದ ಹೊಲಗಳಲ್ಲಿ ದಿನವಿಡೀ ದುಡಿಯುವ ರೈತರು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು ತಮ್ಮ ಎಂದಿನ ಊಟವನ್ನು ಹಾಗೆಯೇ ಇಟ್ಟುಕೊಂಡು ಮೇಲೆ ಒಂದು ದೊಡ್ಡ ಚಮಚ ಆಲಿವ್ ಎಣ್ಣೆ ಸುರಿದುಕೊಂಡರೆ ಸೇರುವುದು ಸುಮಾರು 120 ಕ್ಯಾಲೊರಿ. ‘ಒಳ್ಳೆಯ ಎಣ್ಣೆಯನ್ನೇ ಬಳಸುತ್ತಿದ್ದೇನೆ, ಆದರೂ ತೂಕ ಏರುತ್ತಿದೆ’ ಎಂದು ಕಳವಳದಿಂದ ಬರುವವರಿಗೆ ನಾನು ಮೊದಲು ಕೇಳುವುದು, ಆ ಎಣ್ಣೆಗಾಗಿ ತಟ್ಟೆಯಿಂದ ಏನನ್ನು ತೆಗೆದಿರಿ ಎಂದು. ಇಂದು ಗ್ರೀಸಿನಲ್ಲೇ ಮಕ್ಕಳ ಸ್ಥೂಲಕಾಯ ಯುರೋಪಿನ ಅತಿ ಹೆಚ್ಚಿನ ಮಟ್ಟಗಳಲ್ಲಿ ಒಂದಾಗಿದೆ. ಆ ಮಕ್ಕಳ ಮನೆಯಲ್ಲೂ ಆಲಿವ್ ಎಣ್ಣೆಯ ಸೀಸೆ ಇದೆ.

ಜಪಾನಿನ ವಿಷಯದಲ್ಲಿ ನನ್ನ ಮೆಚ್ಚುಗೆಗೆ ಕಾರಣ ಚಹಾ ಅಲ್ಲ, ಬಟ್ಟಲುಗಳ ಗಾತ್ರ ಮತ್ತು ಶಾಲೆಯ ಊಟ. ಒಂದು ಬಟ್ಟಲು ಅನ್ನ, ಒಂದು ಸೂಪು, ಮೂರು ಪಕ್ಕಖಾದ್ಯ, ಎಲ್ಲವೂ ಪುಟ್ಟ ಪುಟ್ಟ ಪಾತ್ರೆಗಳಲ್ಲಿ. ಅಲ್ಲಿನ ಸಾಂಪ್ರದಾಯಿಕ ಊಟದ ಮಾದರಿ ಇದು. ಮೀನು, ಸೋಯಾ, ತರಕಾರಿ, ಕಡಲಪಾಚಿ ಎಲ್ಲದರ ರುಚಿಯೂ ಸಿಗುತ್ತದೆ, ಯಾವುದೂ ರಾಶಿ ಬೀಳುವುದಿಲ್ಲ. ಶಾಲಾ ಊಟಕ್ಕೆ 1954ರಿಂದ ಕಾನೂನಿದೆ. ಮಧ್ಯಾಹ್ನ ಸರದಿಯ ಮಕ್ಕಳು ಬಿಳಿ ಟೊಪ್ಪಿ, ಬಿಳಿ ಮೇಲಂಗಿ ತೊಟ್ಟು ತರಗತಿಗೆ ಪಾತ್ರೆಗಳನ್ನು ತಂದು ಸಹಪಾಠಿಗಳಿಗೆ ಬಡಿಸುತ್ತಾರೆ. ಶಿಕ್ಷಕರೂ ಅದೇ ಕೋಣೆಯಲ್ಲಿ ಅದೇ ಊಟ ಮಾಡುತ್ತಾರೆ. ಊಟವನ್ನು ಪಾಠವೆಂದೇ ಕಾಣುವ ಈ ದೃಷ್ಟಿಗೆ 2005ರಲ್ಲಿ ಪ್ರತ್ಯೇಕ ಕಾನೂನಿನ ಬೆಂಬಲವೂ ಸಿಕ್ಕಿತು. ಏಳು ವರ್ಷದ ಮಗು ಮತ್ತೊಬ್ಬರ ಬಟ್ಟಲಿಗೆ ಎಷ್ಟು ಬಡಿಸಬೇಕೆಂದು ಅಂದಾಜು ಮಾಡಲು ಕಲಿಯುತ್ತದೆ. ಇದಕ್ಕಿಂತ ಒಳ್ಳೆಯ ಪೌಷ್ಟಿಕ ಶಿಕ್ಷಣವನ್ನು ನಾನು ಕಂಡಿಲ್ಲ.

ಆದರೆ ಅದೇ ಊಟದಲ್ಲಿ ಒಂದು ಹುಳುಕೂ ಇತ್ತು: ಉಪ್ಪು. ಮಿಸೊ ಸೂಪು, ಸೋಯಾ ಸಾಸ್, ಉಪ್ಪಿನಲ್ಲಿಟ್ಟ ತರಕಾರಿ, ಉಪ್ಪು ಹಚ್ಚಿದ ಮೀನು. 1951ರಿಂದ 1980ರವರೆಗೆ ಜಪಾನಿನಲ್ಲಿ ಸಾವಿನ ಮೊದಲ ಕಾರಣ ಪಾರ್ಶ್ವವಾಯುವಿನಂಥ ಮಿದುಳಿನ ರಕ್ತನಾಳಗಳ ಕಾಯಿಲೆ. ರಕ್ತದೊತ್ತಡದ ತಪಾಸಣೆ, ಉಪ್ಪು ಕಡಿಮೆ ಮಾಡುವ ಆಂದೋಲನ, ಉಪ್ಪಿನ ಬದಲು ಆಹಾರ ಕಾಯುವ ರೆಫ್ರಿಜರೇಟರ್ ಇವೆಲ್ಲ ಸೇರಿ ಆ ಸಾವುಗಳನ್ನು ಇಳಿಸಿದವು. ಈಗಲೂ ಅಲ್ಲಿ ಒಬ್ಬರು ದಿನಕ್ಕೆ ಸೇವಿಸುವ ಉಪ್ಪು ಸುಮಾರು 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಮಿಗಿಂತ ಕಡಿಮೆ. ದೀರ್ಘಾಯುಷ್ಯದ ದೇಶದಿಂದಲೂ ಕಣ್ಣುಮುಚ್ಚಿ ನಕಲು ಮಾಡುವಂತಿಲ್ಲ.

ಹೊತ್ತಿನ ವಿಚಾರಕ್ಕೆ ಬರುತ್ತೇನೆ. ನಾರ್ವೆಯ ಎಷ್ಟೋ ಮನೆಗಳಲ್ಲಿ ದಿನದ ಬಿಸಿ ಊಟ ಸಂಜೆ ನಾಲ್ಕೈದು ಗಂಟೆಗೇ ಮುಗಿದಿರುತ್ತದೆ. ಸ್ಪೇನಿನಲ್ಲಿ ಮಧ್ಯಾಹ್ನದ ದೊಡ್ಡ ಊಟ ಎರಡು ಮೂರು ಗಂಟೆಗೆ, ರಾತ್ರಿಯದು ಒಂಬತ್ತರ ಮೇಲೆ. ಇದರಲ್ಲಿ ಗಡಿಯಾರದ ಕೈವಾಡವೂ ಇದೆ. 1940ರಲ್ಲಿ ಸರ್ವಾಧಿಕಾರಿ ಫ್ರಾಂಕೊನ ಸರ್ಕಾರ ದೇಶದ ಸಮಯವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ ಜರ್ಮನಿಯ ಸಮಯಕ್ಕೆ ಹೊಂದಿಸಿತು, ಅದು ಹಾಗೆಯೇ ಉಳಿಯಿತು. ಆ ದೇಶದ ಮುರ್ಸಿಯಾದಲ್ಲಿ ತೂಕ ಇಳಿಸಲು ಬಂದ 420 ಜನರನ್ನು 20 ವಾರ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಧ್ಯಾಹ್ನದ ಊಟವನ್ನು ಮೂರು ಗಂಟೆಯ ನಂತರ ಮಾಡಿದವರು, ಅಷ್ಟೇ ಕ್ಯಾಲೊರಿ ತಿಂದರೂ, ಬೇಗ ಉಂಡವರಷ್ಟು ತೂಕ ಇಳಿಸಲಿಲ್ಲ. ಇದು ಅವಲೋಕನ ಮಾತ್ರ. ತಡವಾದ ಊಟವೇ ಕಾರಣ ಎಂದು ಇದೊಂದರಿಂದಲೇ ತೀರ್ಮಾನಿಸಲಾಗದು. ಆದರೂ ರಾತ್ರಿ ಪಾಳಿಯಲ್ಲಿ ದುಡಿಯುವವರೊಂದಿಗೆ ಮಾತನಾಡುವಾಗ ಏನು ತಿನ್ನುತ್ತೀರಿ ಎಂಬಷ್ಟೇ ಗಂಭೀರವಾಗಿ ಎಷ್ಟು ಹೊತ್ತಿಗೆ ಎಂದೂ ಕೇಳುತ್ತೇನೆ.

ಊಟಕ್ಕೆ ಕೊಡುವ ಸಮಯವೂ ಮುಖ್ಯ. ಶ್ರೀಮಂತ ದೇಶಗಳ ಸಮಯ ಬಳಕೆಯನ್ನು ಹೋಲಿಸಿದ ಸಮೀಕ್ಷೆಗಳ ಪ್ರಕಾರ ಫ್ರಾನ್ಸಿನವರು ತಿನ್ನಲು ಕುಡಿಯಲು ದಿನಕ್ಕೆ ಎರಡು ಗಂಟೆಗೂ ಹೆಚ್ಚು ಕಳೆಯುತ್ತಾರೆ, ಅಮೆರಿಕದವರು ಸುಮಾರು ಒಂದು ಗಂಟೆ. ಕೆಲಸದ ಮೇಜಿನಲ್ಲೇ ಊಟ ಮಾಡುವುದನ್ನು ಫ್ರಾನ್ಸಿನ ಕಾರ್ಮಿಕ ಸಂಹಿತೆ ನಿಷೇಧಿಸಿತ್ತು. ಕೋವಿಡ್ ಕಾಲದಲ್ಲಿ, 2021ರಲ್ಲಿ ಅದನ್ನು ಸಡಿಲಿಸಬೇಕಾಯಿತು. ಮಕ್ಕಳಿಗೆ ಸಂಜೆ ನಾಲ್ಕೂವರೆಯ ಸುಮಾರಿಗೆ ಒಂದು ತಿಂಡಿ, ಆಮೇಲೆ ರಾತ್ರಿಯ ಊಟದವರೆಗೆ ಕಾಯಬೇಕು. ಹೊಟ್ಟೆ ತುಂಬಿದ ಸಂದೇಶ ಮಿದುಳಿಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಪರದೆ ನೋಡುತ್ತ ಊಟ ಮುಗಿಸುವವರಿಗೆ ಆ ಸಂದೇಶ ತಲುಪುವ ಮೊದಲೇ ತಟ್ಟೆ ಖಾಲಿಯಾಗಿರುತ್ತದೆ.

ಯಾವುದರ ಜೊತೆ ಯಾವುದು ಎಂಬುದನ್ನು ಹೇಳಲು ಟರ್ಕಿಯ ಬೆಳಗಿನ ಉಪಾಹಾರ ಒಳ್ಳೆಯದು. ಆಲಿವ್, ಚೀಸ್, ಮೊಟ್ಟೆ, ಟೊಮೆಟೊ, ಸೌತೆಕಾಯಿ, ಬ್ರೆಡ್, ಮತ್ತು ಲೋಟದ ಮೇಲೆ ಲೋಟ ಕಪ್ಪು ಚಹಾ. ಚಹಾದ ಟ್ಯಾನಿನ್ನುಗಳು ಸಸ್ಯಾಹಾರದಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತವೆ. ಟೊಮೆಟೊದಲ್ಲಿರುವ ವಿಟಮಿನ್ ಸಿ ಅದಕ್ಕೆ ವಿರುದ್ಧವಾಗಿ ನೆರವಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿ, ಗುಣ ಕಾಣುತ್ತಿಲ್ಲ ಎಂದು ನೊಂದು ಬರುವುದನ್ನು ನೋಡಿದ್ದೇನೆ. ಚಹಾ ಬಿಡಬೇಕಿಲ್ಲ. ಊಟಕ್ಕೂ ಮಾತ್ರೆಗೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಟ್ಟರೂ ವ್ಯತ್ಯಾಸವಾಗುತ್ತದೆ.

ಇಥಿಯೋಪಿಯದ ಊಟವಂತೂ ನಮ್ಮ ವೃತ್ತಿಯ ಅಳತೆಗೋಲನ್ನೇ ಪ್ರಶ್ನಿಸುತ್ತದೆ. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ ಹುಯ್ಯುವ ಅಗಲವಾದ ಇಂಜೆರಾ, ಅದರ ಮೇಲೆ ಗುಡ್ಡೆ ಗುಡ್ಡೆಯಾಗಿ ಬಡಿಸಿದ ಪಲ್ಯ ಸಾರುಗಳು, ಸುತ್ತ ಮನೆಮಂದಿ. ಎಲ್ಲರೂ ಕೈಯಿಂದಲೇ ಮುರಿದು ತಿನ್ನುತ್ತಾರೆ. ಪ್ರೀತಿಪಾತ್ರರ ಬಾಯಿಗೆ ತುತ್ತಿಡುವುದು ಗೌರವ. ಹುಳಿ ಬರಿಸುವುದರಿಂದ, ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಎಂಬ ಧಾನ್ಯದ ಅಂಶ ಕಡಿಮೆಯಾಗಿ ಕಬ್ಬಿಣಾಂಶ ಹೆಚ್ಚು ದಕ್ಕುತ್ತದೆ. ಆದರೆ ಒಂದೇ ತಟ್ಟೆಯಿಂದ ಐವರು ಉಂಡಾಗ ಮಧುಮೇಹ ಇರುವವರು ಎಷ್ಟು ತಿಂದರು ಎಂದು ಹೇಗೆ ಬರೆಯುವುದು? ನಾವು ಕೊಡುವ ಆಹಾರ ದಿನಚರಿಯ ಪುಟಗಳೆಲ್ಲ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಎಂಬ ಊಹೆಯ ಮೇಲೆ ನಿಂತಿವೆ. ಹಾಗೆ ಉಣ್ಣುವವರಿಗೆ ಪ್ರತ್ಯೇಕ ತಟ್ಟೆ ಹಿಡಿಯಿರಿ ಎಂದು ಹೇಳಿದರೆ ಕುಟುಂಬದಿಂದಲೇ ಎಬ್ಬಿಸಿದಂತೆ. ತಟ್ಟೆಯಲ್ಲಿ ತಮ್ಮ ಎದುರಿನ ಭಾಗಕ್ಕೆ ಕಾಳು ಸೊಪ್ಪಿನ ಪಲ್ಯ ಹೆಚ್ಚು ಬಡಿಸಿಕೊಳ್ಳಿ, ಇಂಜೆರಾದ ತುಂಡು ಚಿಕ್ಕದಿರಲಿ ಎನ್ನುವುದು ಹೆಚ್ಚು ಮಾನವೀಯ, ಹೆಚ್ಚು ಪರಿಣಾಮಕಾರಿ. ಬ್ರೆಜಿಲ್ 2014ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ, ಸಾಧ್ಯವಾದಾಗಲೆಲ್ಲ ಜೊತೆಯಲ್ಲಿ ಕುಳಿತು ಉಣ್ಣಿರಿ ಎಂದು ಜನರಿಗೆ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಓದಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಊಟ ಬದಲಾದರೆ ಒಂದೇ ಜನರ ದೇಹ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಅಮೆರಿಕ, ಮೆಕ್ಸಿಕೊಗಳ ಮೂಲನಿವಾಸಿಗಳಾದ ಪೀಮಾ ಸಮುದಾಯದ ಉದಾಹರಣೆ ಎದೆ ಹಿಂಡುತ್ತದೆ. ಅಮೆರಿಕದ ಅರಿಜೋನಾದಲ್ಲಿ ಸಂಸ್ಕರಿತ ಆಹಾರಕ್ಕೆ ಒಗ್ಗಿದ ಪೀಮಾ ವಯಸ್ಕರಲ್ಲಿ ಶೇ 38ರಷ್ಟು ಮಂದಿಗೆ ಮಧುಮೇಹ ಇತ್ತು. ಮೆಕ್ಸಿಕೊದ ಗುಡ್ಡಗಳಲ್ಲಿ ಬೇಸಾಯ ಮಾಡಿಕೊಂಡು ಬೀನ್ಸ್, ತೋರ್ತಿಯಾ ತಿನ್ನುವ ಅದೇ ಮೂಲದವರಲ್ಲಿ ಶೇ 7ರಷ್ಟು. ವಂಶವಾಹಿಗಳ ಪಾತ್ರ ಇಲ್ಲವೆಂದಲ್ಲ, ಆದರೆ ಅವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಕೆಟ್ಟ ರೂಢಿಯಿರುವ ಜನ ಏನು ಮಾಡಬೇಕು? ಕೀಸ್ ಅವರ ಅಧ್ಯಯನದಲ್ಲಿ ಕ್ರೀಟ್‌ನ ಎದುರು ತುದಿಯಲ್ಲಿದ್ದದ್ದು ಫಿನ್ಲೆಂಡಿನ ಪೂರ್ವ ಭಾಗ. ಬೆಣ್ಣೆ, ಕೊಬ್ಬು ತುಂಬಿದ ಹಾಲು, ಉಪ್ಪು, ಧೂಮಪಾನ. ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ಜನರೇ ಸರ್ಕಾರಕ್ಕೆ ಮೊರೆಯಿಟ್ಟ ಮೇಲೆ 1972ರಲ್ಲಿ ಅಲ್ಲಿನ ಉತ್ತರ ಕರೇಲಿಯಾ ಪ್ರಾಂತದಲ್ಲಿ ಅದೇ ಹೆಸರಿನ ಯೋಜನೆ ಶುರುವಾಯಿತು. ಅದರ ಹೊಣೆ ಹೊತ್ತವರು ಇಪ್ಪತ್ತರ ಹರೆಯದ ವೈದ್ಯ ಪೆಕ್ಕಾ ಪುಸ್ಕಾ. ಅವರು ಆ ಹಳ್ಳಿಗರಿಗೆ ಗ್ರೀಸಿನ ಊಟ ತಂದು ಬಡಿಸಲಿಲ್ಲ. ರೈ ಬ್ರೆಡ್ಡು ಉಳಿಯಿತು, ಮೇಲಿನ ಬೆಣ್ಣೆ ತೆಳುವಾಯಿತು. ಹಾಲು ಉಳಿಯಿತು, ಕೆನೆ ಹೋಯಿತು. ಮಹಿಳಾ ಸಂಘಗಳು ತಮ್ಮ ಹಳೆಯ ಅಡುಗೆಗಳನ್ನೇ ಕಡಿಮೆ ಕೊಬ್ಬು, ಹೆಚ್ಚು ತರಕಾರಿ ಹಾಕಿ ಮಾಡಿ ತೋರಿಸಿದವು. ಹೈನುಗಾರಿಕೆಯ ರೈತರಲ್ಲಿ ಕೆಲವರು ಬೆರ್ರಿ ಹಣ್ಣು ಬೆಳೆಯತೊಡಗಿದರು. ಆಲಿವ್ ಬೆಳೆಯದ ಆ ಚಳಿಯ ನೆಲದಲ್ಲೂ ಬರುವ ಎಣ್ಣೆಬೀಜದ ಬೆಳೆಯಿಂದ ದೇಶದ್ದೇ ಅಡುಗೆ ಎಣ್ಣೆ ದೊರೆಯಿತು. ಧೂಮಪಾನ, ರಕ್ತದೊತ್ತಡದ ಮೇಲೂ ಅಷ್ಟೇ ಪಟ್ಟು ಹಿಡಿದು ಕೆಲಸ ಮಾಡಿದರು. ನಾಲ್ಕು ದಶಕಗಳಲ್ಲಿ ಆ ಪ್ರಾಂತದ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವಿನ ಪ್ರಮಾಣ ಶೇ 80ಕ್ಕೂ ಹೆಚ್ಚು ಇಳಿಯಿತು.