ಕಯಾಕ್‌ಗೆ ಎಂಜಿನ್ ಇಲ್ಲ, ಮತ್ತೆ ಲೈಸೆನ್ಸ್ ಯಾಕೆ?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಫೆಬ್ರವರಿಯಲ್ಲಿ ಮೆಕ್ಸಿಕೋದ ಲೊರೆಟೊಗೆ ಹೋಗಿ, ಅಲ್ಲಿನ ದ್ವೀಪಗಳ ಸುತ್ತ ಕಯಾಕ್‌ನಲ್ಲಿ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಮೀನು ಹಿಡಿಯಬೇಕು ಅಂತಿದ್ದೇವೆ. ಕಯಾಕ್ ಆದರೆ ಫಿಶಿಂಗ್ ಲೈಸೆನ್ಸ್ ಬೇಡ ಅಂತಾರೆ, ನಿಜವಾ?

ಉತ್ತರ: ಅಲ್ಲ. ಲೈಸೆನ್ಸ್ ಬೇಕು. ನಾಲ್ಕೂ ಜನಕ್ಕೆ ಬೇಕು. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ಹಾಗಾಗಿ ಈ ಸಲ ಬೇರು ಸಮೇತ ಕಿತ್ತುಬಿಡೋಣ.

ಈ ಮಾತು ಹುಟ್ಟಿದ್ದು ಒಂದು ಅರ್ಧ ಸತ್ಯದಿಂದ. ಮೆಕ್ಸಿಕೋದಲ್ಲಿ ದಡದ ಮೇಲೆ ನಿಂತು ಗಾಳ ಹಾಕಲು ಲೈಸೆನ್ಸ್ ಬೇಡ. ಅದು ನಿಜ. ಯಾರೋ ಒಬ್ಬರು ಮರಳಿನ ಮೇಲೆ ನಿಂತು ಮೀನು ಹಿಡಿದರು, ಯಾರೂ ಕೇಳಲಿಲ್ಲ. ಅವರ ಗೆಳೆಯರು ಅದೇ ಬೀಚಿನಿಂದ ಕಯಾಕ್ ಇಳಿಸಿದರು. ಎಂಜಿನ್ ಇಲ್ಲ, ರಿಜಿಸ್ಟ್ರೇಷನ್ ನಂಬರ್ ಇಲ್ಲ, ಇದೂ ದಡದ ಲೆಕ್ಕವೇ ಅಂದುಕೊಂಡರು. ಮಾತು ಹಬ್ಬಿತು.

ಕಾನೂನು ಎಂಜಿನ್ ಇದೆಯಾ ಅಂತ ಕೇಳುವುದೇ ಇಲ್ಲ. ನೀವು ನೆಲದ ಮೇಲಿದ್ದೀರೋ, ತೇಲುವ ವಸ್ತುವಿನ ಮೇಲಿದ್ದೀರೋ ಅಂತ ಕೇಳುತ್ತದೆ. ಸೈಕಲ್‌ಗೆ ಎಂಜಿನ್ ಇಲ್ಲ ಅಂತ ಒನ್ ವೇಯಲ್ಲಿ ಎದುರು ನುಗ್ಗೋಕಾಗುತ್ತಾ?

ಇದನ್ನು ಒಪ್ಪಿಕೊಂಡವರೂ ಸುಮ್ನೆ ಬಿಡುವುದಿಲ್ಲ. 'ಹಿಡಿದು ವಾಪಸ್ ಬಿಡ್ತೀವಲ್ಲ' ಅಂತಾರೆ. ಬಿಟ್ಟರೂ ಬೇಕು. 'ನನ್ನ ಹತ್ರ ಕ್ಯಾಲಿಫೋರ್ನಿಯಾ ಲೈಸೆನ್ಸ್ ಇದೆ' ಅಂತಾರೆ. ಅದು ಕ್ಯಾಲಿಫೋರ್ನಿಯಾದ ನೀರಿಗೆ. 'ನಾನು ಹಿಡಿಯಲ್ಲ, ಹೆಂಡ್ತಿ ಮಾತ್ರ ಹಿಡೀತಾಳೆ, ನಾನು ಬರೀ ಹುಟ್ಟು ಹಾಕೋನು' ಅಂತಾರೆ. ಇಬ್ಬರು ಕೂರುವ ಕಯಾಕ್‌ನಲ್ಲಿ ಗಾಳದ ಸಾಮಾನು ಇದ್ದರೆ ಇಬ್ಬರ ಹೆಸರಲ್ಲೂ ಲೈಸೆನ್ಸ್ ಇರಬೇಕು. ಹಿಡಿಯುವವರು, ಸುಮ್ನೆ ಕೂತವರು, ಮಕ್ಕಳು, ಎಲ್ಲರಿಗೂ ಒಂದೇ ನಿಯಮ. 'ದ್ವೀಪದ ಮೇಲೆ ಕಾಲಿಡಲ್ಲ, ನೀರಲ್ಲೇ ಇರ್ತೀವಿ' ಅನ್ನೋದು ಕೊನೆಯ ಅಸ್ತ್ರ. ಆ ನೀರೂ ಮೆಕ್ಸಿಕೋದ್ದೇ ಸ್ವಾಮಿ.

ಇಷ್ಟೆಲ್ಲ ವಾದ ಮಾಡುವ ಹೊತ್ತಿನಲ್ಲಿ ಲೈಸೆನ್ಸೇ ಕೈಗೆ ಬಂದಿರುತ್ತದೆ. ಆನ್‌ಲೈನ್‌ನಲ್ಲಿ ಸಿಗುತ್ತದೆ. ದಿನಕ್ಕೆ, ವಾರಕ್ಕೆ, ತಿಂಗಳಿಗೆ, ವರ್ಷಕ್ಕೆ ಅಂತ ಬೇರೆ ಬೇರೆ ಇವೆ, ನಿಮಗೆ ವಾರದ್ದು ಸಾಕು. ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಕಯಾಕ್‌ನಲ್ಲೇ ಇಟ್ಟುಕೊಳ್ಳಿ. ಹೋಟೆಲ್ ರೂಮಿನಲ್ಲಿರುವ ಲೈಸೆನ್ಸ್ ನೀರಿನ ಮೇಲೆ ಉಪಯೋಗಕ್ಕೆ ಬರಲ್ಲ.

ಇನ್ನೊಂದು ವಿಷಯ ಯಾರೂ ಕೇಳಲ್ಲ, ಆದರೆ ತಪ್ಪು ಮಾತ್ರ ಜಾಸ್ತಿ ಜನ ಮಾಡುತ್ತಾರೆ. ಫಿಶಿಂಗ್ ಕಯಾಕ್‌ನಲ್ಲಿ ಸೀಟಿನ ಹಿಂದೆ ಎಡಕ್ಕೊಂದು, ಬಲಕ್ಕೊಂದು ರಾಡ್ (ಗಾಳದ ಕೋಲು) ಸಿಕ್ಕಿಸುವ ತೂತು ಇರುತ್ತದೆ ಅಲ್ವಾ? ಎರಡರಲ್ಲೂ ರಾಡ್ ನಿಲ್ಲಿಸಿ, ಎರಡು ದಾರ ಹಿಂದೆ ಬಿಟ್ಟು ಎಳೆದುಕೊಂಡು ಹೋಗುವುದು ರೂಢಿ. ಮೆಕ್ಸಿಕೋದಲ್ಲಿ ಒಬ್ಬರಿಗೆ ನೀರಿನಲ್ಲಿ ಒಂದೇ ದಾರ. ಇನ್ನೊಂದು ರಾಡ್ ಸ್ಪೇರ್ ಆಗಿ ಮಲಗಿರಲಿ. ದಿನಕ್ಕೆ ಒಬ್ಬರಿಗೆ ಹತ್ತು ಮೀನು, ಅದರಲ್ಲಿ ಒಂದೇ ಜಾತಿಯವು ಐದಕ್ಕಿಂತ ಜಾಸ್ತಿ ಇರಬಾರದು. ಡೊರಾಡೊ ಜಾತಿಯ ಮೀನಾದರೆ ಎರಡೇ.

ದ್ವೀಪಗಳ ವಿಷಯ. ಲೊರೆಟೊ ಎದುರಿನ ಕೊರೊನಾಡೊಸ್, ಕಾರ್ಮೆನ್, ದಾನ್ಸಾಂತೆ, ಮೊನ್ಸೆರಾತ್, ಸಾಂತಾ ಕತಲೀನಾ ಐದೂ 1996ರಲ್ಲಿ ಆದ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತವೆ. ಹಾಗಾಗಿ ಉದ್ಯಾನದ ಪ್ರವೇಶ ಶುಲ್ಕ ಬೇರೆ ಕಟ್ಟಬೇಕು. ಹಾಂ, ಸ್ಯಾನ್ ಡಿಯಾಗೊದಿಂದ ಕಾಣುವ ಕೊರೊನಾಡೊ ದ್ವೀಪಗಳೇ ಬೇರೆ, ಇಲ್ಲಿನ ಕೊರೊನಾಡೊಸ್ ಬೇರೆ. ಮಧ್ಯೆ ಸಾವಿರ ಕಿಲೋಮೀಟರ್ ರಸ್ತೆ ಇದೆ. ಮ್ಯಾಪ್‌ನಲ್ಲಿ ಹೆಸರು ಹುಡುಕುವಾಗ ನೋಡಿಕೊಳ್ಳಿ.

ಫೆಬ್ರವರಿ ಅಂದಿರಿ. ಯೆಲ್ಲೋಟೇಲ್ ಮೀನಿಗೆ ಒಳ್ಳೆಯ ಕಾಲ, ಕಯಾಕ್‌ಗೆ ಅಲ್ಲ. ಚಳಿಗಾಲದಲ್ಲಿ ಅಲ್ಲಿ ಉತ್ತರದ ಗಾಳಿ ಎದ್ದರೆ ಎರಡು ಮೂರು ದಿನ ಬಿಡದೆ ಬೀಸುತ್ತದೆ. ಲೊರೆಟೊದಿಂದ ಕಾರ್ಮೆನ್‌ಗೆ ಹತ್ತು ಕಿ.ಮೀ.ಗೂ ಜಾಸ್ತಿ ತೆರೆದ ನೀರು. ಹೊಸಬರು ಅದಕ್ಕೆ ಕೈ ಹಾಕಬೇಡಿ. ಲೊರೆಟೊದ ದಕ್ಷಿಣಕ್ಕಿರುವ ಪುಯೆರ್ಟೊ ಎಸ್ಕೊಂದಿದೊ ಬಂದರಿನಿಂದ ಹೊರಟರೆ ದಾನ್ಸಾಂತೆ ಹತ್ತಿರ. ಇಲ್ಲವೇ ಊರಿನ ಮೀನುಗಾರರ ಪಂಗಾ ಅನ್ನುವ ಮೋಟಾರ್ ದೋಣಿಯಲ್ಲಿ ಕಯಾಕ್ ಹೇರಿಕೊಂಡು ಹೋಗಿ, ದ್ವೀಪದ ಪಕ್ಕದಲ್ಲಿ ಇಳಿಸಿಕೊಳ್ಳಿ. ಮರ್ಯಾದೆ ಹೋಗಲ್ಲ. ರಜೆ ಮುಂದೂಡಲು ಆದರೆ ಏಪ್ರಿಲ್ ಕೊನೆಗೆ ಹೋಗಿ.

ಇನ್ನು ನೀವು ಕೇಳದಿದ್ದರೂ ನಾಲ್ವರಲ್ಲಿ ಒಬ್ಬರಾದರೂ ಎಚ್-1ಬಿಯಲ್ಲಿ (ಅಮೆರಿಕದ ಕೆಲಸದ ವೀಸಾ) ಇರುತ್ತೀರಿ, ಅದಕ್ಕೇ ಹೇಳುತ್ತೇನೆ. ಭಾರತದ ಪಾಸ್‌ಪೋರ್ಟ್‌ನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ, ಅಥವಾ ಗ್ರೀನ್ ಕಾರ್ಡ್ ಇದ್ದರೆ, ಮೆಕ್ಸಿಕೋ ವೀಸಾ ಬೇಡ. ಪಾಸ್‌ಪೋರ್ಟ್‌ನಲ್ಲಿರುವ ಆ ಅಮೆರಿಕದ ವೀಸಾ ಸ್ಟ್ಯಾಂಪ್‌ನ ಅವಧಿ ಮುಗಿದಿದ್ದರೆ ತಮಾಷೆ ಶುರು. ಮೂವತ್ತು ದಿನದೊಳಗೆ ವಾಪಸ್ ಬಂದರೆ, ಐ-94 (ಅಮೆರಿಕ ಪ್ರವೇಶದ ದಾಖಲೆ) ಚಾಲ್ತಿಯಲ್ಲಿದ್ದರೆ, ಮುಗಿದ ಸ್ಟ್ಯಾಂಪ್ ಮೇಲೂ ಅಮೆರಿಕ ಒಳಗೆ ಬಿಟ್ಟುಕೊಳ್ಳುವ ನಿಯಮವಿದೆ. ಆದರೆ ಅದೇ ಮುಗಿದ ಸ್ಟ್ಯಾಂಪನ್ನು ಮೆಕ್ಸಿಕೋ ಒಪ್ಪಲ್ಲ. ಅಂದರೆ ಬರೋಕೆ ದಾರಿ ಇದೆ, ಹೋಗೋಕೆ ಇಲ್ಲ! ಅಂಥವರು ಮೊದಲೇ ಮೆಕ್ಸಿಕೋ ವೀಸಾ ಮಾಡಿಸಿಕೊಳ್ಳಬೇಕು.

'ಹೇಗೂ ಹೋಗ್ತೀವಿ, ಅಲ್ಲೇ ಸ್ಟ್ಯಾಂಪಿಂಗ್ ಮುಗಿಸಿಕೊಂಡು ಬರೋಣ' ಅನ್ನುವ ಜಾಣತನ ಬೇಡ. ಅಲ್ಲಿ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿದ ಕ್ಷಣ ಆ ಮೂವತ್ತು ದಿನದ ಸವಲತ್ತು ಹೋಯಿತು. ವೀಸಾ ಕೈಗೆ ಬರುವ ತನಕ ಲೊರೆಟೊದಲ್ಲೇ ಗಾಳ ಹಾಕಿಕೊಂಡು ಕೂರಬೇಕಾದೀತು, ಅದಕ್ಕೂ ವಾರದ ಲೈಸೆನ್ಸ್ ಸಾಲದು.